ವೆಲಾಸಿಟಿ ಲೇಯರ್: ಕಂಪ್ಯೂಟರಿನ ಪಿಯಾನೊ ನಿಜವೆನಿಸುವುದು ಎಲ್ಲಿಂದ?

ಬೆಳಗಾವಿ ಕಡೆ ಕೀಬೋರ್ಡ್ ಮುಂದೆ ಕೂರುವ ಬಹಳ ಮಂದಿಯ ಕೈ ಮೊದಲು ಪಳಗಿದ್ದು ಪೇಟಿ ಮೇಲೆ. ಪಂಡಿತ್ ರಾಮಭಾವು ಬಿಜಾಪುರೆ ಅವರಂಥ ಹಾರ್ಮೋನಿಯಂ ಗುರುಗಳು ಬಾಳಿದ ಊರು ಇದು. ಭಜನೆ ಇರಲಿ, ನಾಟಕ ಇರಲಿ, ಪೇಟಿ ಮಾಸ್ತರು ಬರದೆ ಶುರುವಾಗುವುದಿಲ್ಲ. ಈಗ ಅದೇ ಕೈಗಳು ಲ್ಯಾಪ್‌ಟಾಪಿಗೆ ಕೀಬೋರ್ಡ್ ಜೋಡಿಸಿ ಭಾವಗೀತೆಗೆ ಪಿಯಾನೊ ಕೂಡಿಸುತ್ತಿವೆ. ಆಮೇಲೆ ಒಂದೇ ದೂರು: ‘ಸ್ವರ ಎಲ್ಲಾ ಸರಿ ಇವೆ, ಆದ್ರೆ ಪಿಯಾನೊ ನುಡಿಸಿದಂಗೆ ಕೇಳ್ತಾ ಇಲ್ಲ.’ ಇದಕ್ಕೆ ಉತ್ತರ ಹೆಚ್ಚಾಗಿ ಸಿಗುವುದು ವೆಲಾಸಿಟಿ ಲೇಯರ್ ಅನ್ನುವ ಮಾತಿನಲ್ಲಿ.

ವೆಲಾಸಿಟಿ ಅಂದರೆ ಇಲ್ಲಿ ಕೀ ಎಷ್ಟು ವೇಗವಾಗಿ ಕೆಳಗೆ ಹೋಯಿತು ಅನ್ನುವ ಲೆಕ್ಕ. ಸಾಮಾನ್ಯವಾಗಿ ಪ್ರತಿ ಕೀ ಕೆಳಗೆ ಎರಡು ಸ್ವಿಚ್ ಇರುತ್ತವೆ. ಮೊದಲನೆಯದು ತಾಗಿ ಎರಡನೆಯದು ತಾಗುವಷ್ಟರಲ್ಲಿ ಎಷ್ಟು ಹೊತ್ತು ಹೋಯಿತು ಎಂದು ಕೀಬೋರ್ಡ್ ಅಳೆಯುತ್ತದೆ. ಕೀಬೋರ್ಡೂ ಕಂಪ್ಯೂಟರೂ ಮಾತಾಡಿಕೊಳ್ಳಲು 1983ರಲ್ಲಿ ಬಂದ ಮಿಡಿ ಪದ್ಧತಿಯಲ್ಲಿ ಇದಕ್ಕೆ 1ರಿಂದ 127ರವರೆಗೆ ಅಂಕೆ. ಲೇಯರ್ ಅಂದರೆ ಒಂದೇ ಸ್ವರವನ್ನು ಬೇರೆ ಬೇರೆ ಜೋರಿನಲ್ಲಿ ನುಡಿಸಿ ಮಾಡಿಟ್ಟ ರೆಕಾರ್ಡಿಂಗುಗಳು. ನೀವು ಕೀ ಒತ್ತಿದ ಕೂಡಲೇ ಸಾಫ್ಟ್‌ವೇರ್ ಆ ಅಂಕೆ ನೋಡಿ, ಅದಕ್ಕೆ ಹೊಂದುವ ರೆಕಾರ್ಡಿಂಗ್ ಎತ್ತಿಕೊಂಡು ನುಡಿಸುತ್ತದೆ.

ಒಂದೇ ರೆಕಾರ್ಡಿಂಗ್ ಇಟ್ಟುಕೊಂಡು ವಾಲ್ಯೂಮ್ ಹೆಚ್ಚುಕಡಿಮೆ ಮಾಡಿದರೆ ಸಾಲದೇ ಅಂತ ಕೇಳಬಹುದು. ಪೇಟಿಯಾಗಿದ್ದರೆ ಸಾಕಾಗುತ್ತಿತ್ತೇನೋ. ಪೇಟಿಯಲ್ಲಿ ಕೀಯನ್ನು ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ದನಿ ಹೆಚ್ಚುಕಡಿಮೆ ಅಷ್ಟೇ. ಅದನ್ನು ಏರಿಸಿ ಇಳಿಸುವುದು ತಿದಿ ಒತ್ತುವ ಎಡಗೈ. ಪಿಯಾನೊ ಹಾಗಲ್ಲ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಮಾಡಿದ ದೊಡ್ಡ ಕೆಲಸವೇ ಇದು: ಬೆರಳಿನ ಜೋರಿಗೆ ತಕ್ಕ ಹಾಗೆ ಒಂದು ಸಣ್ಣ ಸುತ್ತಿಗೆ ಹೋಗಿ ತಂತಿಗೆ ಬಡಿಯಬೇಕು.

ಆ ಸುತ್ತಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಈಗಿನ ಪಿಯಾನೊದಲ್ಲಿ ಅದರ ತಲೆಗೆ ಉಣ್ಣೆಯ ಫೆಲ್ಟ್ ಬಿಗಿದಿರುತ್ತಾರೆ. ಮೆಲ್ಲಗೆ ಬಂದಾಗ ಫೆಲ್ಟ್ ಮೆತ್ತಗೇ ಇರುತ್ತದೆ. ತಂತಿಯ ಮೇಲೆ ಒಂದಿಷ್ಟು ಹೆಚ್ಚು ಹೊತ್ತು ನಿಂತು ಬಿಡುತ್ತದೆ. ಅಷ್ಟರಲ್ಲಿ ಮೇಲಿನ ಕಂಪನಗಳು, ಅಂದರೆ ಮೂಲ ಸ್ವರದ ಜೊತೆಗೇ ಹುಟ್ಟುವ ಇನ್ನೂ ಏರಿದ ದನಿಗಳು, ಅಡಗಿ ಹೋಗಿ ದನಿ ದುಂಡಗೆ, ಬೆಚ್ಚಗೆ ಬರುತ್ತದೆ. ಜೋರಾಗಿ ಬಂದರೆ ಅದೇ ಫೆಲ್ಟ್ ಅದುಮಿಕೊಂಡು ಗಟ್ಟಿಯಾಗುತ್ತದೆ. ತಂತಿಗೆ ಬಡಿದು ತಟ್ಟನೆ ಹಿಂದೆ ಹಾರುತ್ತದೆ. ಆಗ ಮೇಲಿನ ಕಂಪನಗಳೆಲ್ಲ ಎದ್ದು ದನಿಗೆ ಲೋಹದ ಹೊಳಪು ಬರುತ್ತದೆ. ಬದಲಾಗುವುದು ಬರೀ ಗಟ್ಟಿ–ಮೆಲ್ಲ ಅಲ್ಲ, ದನಿಯ ಬಣ್ಣವೇ. ಜೋರಾಗಿ ಕೂಗಿದ್ದನ್ನು ರೇಡಿಯೊದಲ್ಲಿ ಸಣ್ಣಗೆ ಮಾಡಿ ಕೇಳಿದರೆ ಅದು ಪಿಸುಮಾತು ಆಗುವುದಿಲ್ಲ, ಅಲ್ವಾ? ಒಂದೇ ಲೇಯರ್ ಇರುವ ಪಿಯಾನೊದ ತೊಂದರೆ ಇದೇ.

ಎಷ್ಟು ಲೇಯರ್ ಬೇಕು? ಪುಕ್ಕಟೆ ಸಿಗುವ ಸ್ಯಾಲಮಾಂಡರ್ ಗ್ರ್ಯಾಂಡ್ ಪಿಯಾನೊ ಅನ್ನುವ ರೆಕಾರ್ಡಿಂಗ್ ಸಂಗ್ರಹ ತೆಗೆದುಕೊಳ್ಳಿ. ಅದು ಯಮಾಹಾ ಸಿ5 ಪಿಯಾನೊದ ದನಿ. ಪ್ರತಿ ಮೂರು ಕೀಗಳಿಗೆ ಒಂದರಂತೆ ರೆಕಾರ್ಡ್ ಮಾಡಿದ್ದಾರೆ, ಪ್ರತಿಯೊಂದಕ್ಕೂ 16 ಲೇಯರ್. 88 ಕೀಗಳಿಗೆ ಹೀಗೆ 30 ಸ್ವರ, ಅಂದರೆ 480 ರೆಕಾರ್ಡಿಂಗ್. ನಡುವಿನ ಕೀಗಳಿಗೆ ಪಕ್ಕದ ಸ್ವರವನ್ನೇ ತುಸು ಏರಿಸಿ ಇಳಿಸಿ ಕೊಡುತ್ತದೆ. ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವವರಿಗೆ ನನ್ನ ಪ್ರಕಾರ ಇದು ಧಾರಾಳ ಸಾಕು. ದುಡ್ಡು ಕೊಟ್ಟು ಕೊಳ್ಳುವ ಮುಂಚೆ ಇದನ್ನು ಮನಸ್ಸಿಟ್ಟು ನುಡಿಸಿ ನೋಡಿ. ಫ್ರಾನ್ಸಿನ ಪಿಯಾನೊಟೆಕ್ ಸಾಫ್ಟ್‌ವೇರ್ ಹಿಡಿದ ದಾರಿ ಬೇರೆ. ಅದರಲ್ಲಿ ರೆಕಾರ್ಡಿಂಗ್ ಇಲ್ಲ. ಸುತ್ತಿಗೆ, ತಂತಿ, ಹಲಗೆಗಳ ಲೆಕ್ಕವನ್ನು ಆಗಿಂದಾಗಲೇ ಹಾಕಿ ದನಿ ಹುಟ್ಟಿಸುತ್ತದೆ. ಹಾಗಾಗಿ ಅಲ್ಲಿ ಲೇಯರ್ ಅನ್ನುವ ಮಾತೇ ಬರುವುದಿಲ್ಲ.

ಇಷ್ಟೆಲ್ಲ ಇದ್ದರೂ ದನಿ ಸಪ್ಪೆ ಆಗುವುದುಂಟು. ಪೇಟಿಯ ಕೈ ಎಲ್ಲ ಕೀಗಳನ್ನೂ ಒಂದೇ ಸಮ ಒತ್ತುತ್ತದೆ, ಅಲ್ಲಿ ಅದೇ ಸರಿಯಾದ ಅಭ್ಯಾಸ. ಕೀಬೋರ್ಡ್ ಮೇಲೆ ಅದೇ ಕೈ ಇಟ್ಟರೆ ಅಂಕೆಗಳೆಲ್ಲ 70–85ರ ಆಸುಪಾಸಿನಲ್ಲೇ ಗುಂಪುಗಟ್ಟಬಹುದು. 16 ಲೇಯರ್ ಇದ್ದರೂ ನುಡಿಯುವುದು ಎರಡೋ ಮೂರೋ, ಉಳಿದವು ಸುಮ್ನೆ ಬಿದ್ದಿರುತ್ತವೆ. ಮೌಸ್ ಹಿಡಿದು ಸ್ವರ ಬರೆದರಂತೂ ಎಲ್ಲಕ್ಕೂ ಒಂದೇ ಅಂಕೆ. ರೆಕಾರ್ಡ್ ಮಾಡಿದ ಮೇಲೆ ಪರದೆಯಲ್ಲಿ ಸ್ವರಗಳ ಕೆಳಗೆ ಕಾಣುವ, ವೆಲಾಸಿಟಿ ತೋರಿಸುವ ಕಡ್ಡಿಗಳ ಸಾಲು ನೋಡಿ. ಎಲ್ಲ ಒಂದೇ ಎತ್ತರ ಇದ್ದರೆ ಲೋಪ ಅಲ್ಲೇ ಇದೆ. ಸಾಫ್ಟ್‌ವೇರಿನಲ್ಲಿ ವೆಲಾಸಿಟಿ ಕರ್ವ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಎಷ್ಟು ಜೋರಿಗೆ ಯಾವ ಅಂಕೆ ಅಂತ ಗೊತ್ತುಮಾಡುವುದು ಅದು. ಅದನ್ನು ತಿದ್ದಿದರೆ ನಿಮ್ಮ ಕೈಯ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ದಾಟುತ್ತದೆ. ಜೊತೆಗೆ ಬಲಗೈಯ ರಾಗವನ್ನು ಎತ್ತಿ, ಎಡಗೈಯನ್ನು ಬೇಕೆಂದೇ ಮೆಲ್ಲಗೆ ಇಟ್ಟು ರಿಯಾಜ್ ಮಾಡಬೇಕು. ಇದಕ್ಕೆ ಅಡ್ಡದಾರಿ ಇಲ್ಲ. ಕೆಲವು ಅಗ್ಗದ ಕೀಬೋರ್ಡುಗಳಲ್ಲಿ ವೆಲಾಸಿಟಿ ಅಳೆಯುವ ಏರ್ಪಾಡೇ ಇರುವುದಿಲ್ಲ. ಕೊಳ್ಳುವಾಗ ಅಂಗಡಿಯಲ್ಲೇ ಕೇಳಿಬಿಡಿ.

ಲೇಯರ್ ಎಲ್ಲವನ್ನೂ ಕೊಡುತ್ತದೆ ಅಂತಲೂ ಅಲ್ಲ. ನಿಜವಾದ ಪಿಯಾನೊದಲ್ಲಿ ಪೆಡಲ್ ಒತ್ತಿದರೆ ನೀವು ಮುಟ್ಟದ ತಂತಿಗಳೂ ಜೊತೆಗೂಡಿ ಮಿಡಿಯುತ್ತವೆ. ಸಿತಾರಿನ ತರಬ್ ತಂತಿ ಕೇಳಿದವರಿಗೆ ಇದು ಹೊಸದಲ್ಲ. ಈ ಗುಂಗನ್ನು ಕೊಡುವುದು ರೆಸೋನೆನ್ಸ್ ಅನ್ನುವ ಬೇರೆ ಸೆಟ್ಟಿಂಗ್.

ಹೊಸ ಪಿಯಾನೊ ದನಿ ಕೈಗೆ ಬಂದಾಗ ಡೆಮೊ ಕೇಳಿ ಮರುಳಾಗಬೇಡಿ. ನಡುವಿನ ಒಂದೇ ಸ್ವರ ಹಿಡಿದು, ತೀರಾ ಮೆಲ್ಲಗೆ ಶುರು ಮಾಡಿ ಒಂದೊಂದೇ ಪೆಟ್ಟಿಗೆ ಜಾಸ್ತಿ ಮಾಡುತ್ತಾ ಹೋಗಿ. ಬಣ್ಣ ನಿಧಾನಕ್ಕೆ ತೆರೆದುಕೊಂಡರೆ ಲೇಯರುಗಳನ್ನು ಚೆನ್ನಾಗಿ ಬೆಸೆದಿದ್ದಾರೆ ಅಂತ ಅರ್ಥ. ಒಂದು ಕಡೆ ಧಡಕ್ಕನೆ ಬೇರೆಯೇ ಪಿಯಾನೊ ಬಂದಂತೆ ಕೇಳಿದರೆ ಲೇಯರ್ ಕಡಿಮೆ ಇವೆ, ಇಲ್ಲವೇ ಜೋಡಣೆ ಒರಟಾಗಿದೆ. ಜೋರು ಹೆಚ್ಚಿದರೂ ಬಣ್ಣ ಬದಲಾಗಲೇ ಇಲ್ಲ ಅಂದರೆ ಅದನ್ನು ಬಿಟ್ಟು ಮುಂದಿನದನ್ನು ನೋಡಿ.