ಈ ಲೂಪ್ ಸರಿ ಎಂದು ಹೇಗೆ ಹೇಳುತ್ತೀರಿ?

ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನು ಕೂಡುವ ಲೂಪ್ (ಒಂದೇ ಕೆಲಸವನ್ನು ಸುತ್ತುಸುತ್ತಾಗಿ ಮಾಡಿಸುವ ಪ್ರೋಗ್ರಾಮಿನ ತುಣುಕು) ಬರೆಯಿರಿ ಎಂದರೆ ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಎರಡೇ ನಿಮಿಷದಲ್ಲಿ 5050 ತೋರಿಸುತ್ತಾರೆ. ನೂರರ ಬದಲು ಯಾವ ಸಂಖ್ಯೆ ಕೊಟ್ಟರೂ ಇದು ಸರಿಯೇ ಎಂದು ಕೇಳಿದರೆ ಲ್ಯಾಬ್ ಮೌನವಾಗುತ್ತದೆ. ಮೊದಲ ಸಂಖ್ಯೆಗೆ ನಿಜ, ಒಂದಕ್ಕೆ ನಿಜವಾದರೆ ಮುಂದಿನದಕ್ಕೂ ನಿಜ ಎಂದು ತೋರಿಸಿ ಎಲ್ಲಕ್ಕೂ ನಿಜವೆಂದು ಸಾಧಿಸುವ ಗಣಿತೀಯ ಅನುಗಮನದ ಲೆಕ್ಕ ಮಾಡಿದವರೂ ಇವರಲ್ಲಿದ್ದಾರೆ. ಆ ಲೆಕ್ಕವೂ ಈ ಲೂಪೂ ಒಂದೇ ತರ್ಕದ ಮೇಲೆ ನಿಂತಿವೆ ಎಂಬುದು ಅವರ ಕಣ್ಣಿಗೆ ಬಿದ್ದಿಲ್ಲ.

ಈ ನಂಟನ್ನು ಕಂಪ್ಯೂಟರ್ ವಿಜ್ಞಾನಿಗಳಾದ ರಾಬರ್ಟ್ ಫ್ಲಾಯ್ಡ್ 1967ರಲ್ಲಿ, ಟೋನಿ ಹೋರ್ 1969ರಲ್ಲಿ ಬರೆದಿಟ್ಟಿದ್ದರು: ಪ್ರತಿ ಸುತ್ತು ಮುಗಿದಾಗಲೂ ನಿಜವಾಗಿಯೇ ಉಳಿಯುವ ಹೇಳಿಕೆಯೊಂದನ್ನು ಹಿಡಿದರೆ ಲೂಪ್ ಸರಿ ಎಂದು ಸಾಧಿಸಬಹುದು. ಕಲಿಸುವ ಯಂತ್ರಗಳು ಬಂದದ್ದು ಬೇರೆ ದಾರಿಯಲ್ಲಿ. 1920ರ ದಶಕದ ಪ್ರೆಸ್ಸಿ, 1950ರ ದಶಕದ ಸ್ಕಿನ್ನರ್ ಎಂಬ ಇಬ್ಬರು ಅಮೆರಿಕನ್ ಮನೋವಿಜ್ಞಾನಿಗಳ ಯಂತ್ರಗಳೂ ನೋಡುತ್ತಿದ್ದುದು ಉತ್ತರವನ್ನು.

ನೋಟ ಬದಲಾದದ್ದು 1978ರಲ್ಲಿ. ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಮಕ್ಕಳ ಕಳೆಯುವ ಲೆಕ್ಕಗಳನ್ನು ಕೆದಕಿದರು. 52ರಲ್ಲಿ 38 ಕಳೆದರೆ 26 ಎಂದು ಬರೆದ ಮಗು ಅಜಾಗರೂಕತೆಯಿಂದ ತಪ್ಪಿದ್ದಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ನಿಷ್ಠೆಯಿಂದ ಕಳೆದಿದೆ. ತಪ್ಪಿಗೂ ನಿಯಮವಿದೆ. ಪಾಟಿ ನೋಡಿದೊಡನೆ ಇದನ್ನು ಹಿಡಿಯುವ ಶಿಕ್ಷಕರು ನಮ್ಮ ಹಳ್ಳಿಗಳಲ್ಲಿದ್ದರು, ಇಂದಿಗೂ ಇದ್ದಾರೆ. ಆ ಕಣ್ಣನ್ನು ಯಂತ್ರಕ್ಕೆ ಕೊಡುವ ಯತ್ನ ಬ್ರೌನ್, ಬರ್ಟನ್ ಅವರದು.

1980ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಆಂಡರ್ಸನ್ ತಂಡ ರೂಪಿಸಿದ, ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಲಿಸ್ಪ್ ಟ್ಯೂಟರ್ ತಂತ್ರಾಂಶ ಪ್ರೋಗ್ರಾಮಿಂಗಿಗೇ ಕೈಹಾಕಿತು. ವಿದ್ಯಾರ್ಥಿ ದಾರಿ ತಪ್ಪಿದ ಹೆಜ್ಜೆಯಲ್ಲೇ ತಡೆದು ಸುಳಿವು ಕೊಡುತ್ತಿತ್ತು. ಇಷ್ಟು ಬೇಗ ತಡೆದರೆ ತನ್ನ ತಪ್ಪನ್ನು ತಾನೇ ಹುಡುಕುವ ಅಭ್ಯಾಸ ಬೆಳೆಯುವುದೇ ಎಂಬ ತಕರಾರೂ ಎದ್ದಿತು, ಅದರಲ್ಲಿ ಹುರುಳಿದೆ. ಆದರೂ ಹೆಜ್ಜೆಹೆಜ್ಜೆಗೂ ಗಮನಿಸುವ ತಂತ್ರಾಂಶ, ಎದುರು ಕುಳಿತು ಹೇಳಿಕೊಡುವ ಶಿಕ್ಷಕರಿಗೆ ಬಹುಮಟ್ಟಿಗೆ ಸಮನಾಗಿ ನಿಲ್ಲುತ್ತದೆ ಎಂದು ಕರ್ಟ್ ವ್ಯಾನ್‌ಲೇನ್ ಅವರ 2011ರ ಸಮೀಕ್ಷೆ ತೋರಿಸಿತು. ತೊಡಕು ಖರ್ಚಿನದು: ಒಂದು ಗಂಟೆಯ ಪಾಠ ಸಿದ್ಧಪಡಿಸಲು ತಜ್ಞರ ನೂರಾರು ಗಂಟೆ ಬೇಕಾಗುತ್ತಿತ್ತು.

ಆಮೇಲಿನದು ಅವಸರದ ಕಾಲ. ಪ್ರೋಗ್ರಾಮನ್ನು ಪರೀಕ್ಷಾ ದತ್ತಾಂಶಕ್ಕೆ ಒಡ್ಡಿ ಸರಿ, ತಪ್ಪು ಎನ್ನುವ ಜಾಲತಾಣಗಳು ಹಬ್ಬಿದವು. 2022ರ ಕೊನೆಗೆ ಬಂದ ಚಾಟ್‌ಜಿಪಿಟಿ ಇಡೀ ಉತ್ತರವನ್ನೇ ಬರೆದುಕೊಟ್ಟಿತು. ನಾವು ಮತ್ತೆ ಉತ್ತರಕ್ಕೇ ಮರಳಿದ್ದೇವೆ.

ಯಾದಗಿರಿ, ಸುರಪುರದ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಸುಳಿವು ಇನ್ನೊಂದು ಗೋಡೆ. ಪ್ರಾದೇಶಿಕ ಭಾಷೆಯಲ್ಲಿ ಎಂಜಿನಿಯರಿಂಗ್ ಕಲಿಸಲು 2021ರಲ್ಲೇ ದೇಶದ ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಎಐಸಿಟಿಇ ಒಪ್ಪಿದೆ. ಈ ವಿದ್ಯಾರ್ಥಿಗಳಿಗೆ ಬೇಕಾದ ತಂತ್ರಾಂಶ ಲೂಪನ್ನು ಬರೆದುಕೊಡಬೇಕಿಲ್ಲ. ಮೂರನೇ ಸುತ್ತಿನಲ್ಲಿ ನಿಲ್ಲಿಸಿ ಕನ್ನಡದಲ್ಲಿ ಕೇಳಬೇಕು: ಈಗ ಮೊತ್ತದಲ್ಲಿ ಎಷ್ಟಿದೆ, ಮುಂದಿನ ಸುತ್ತಿಗೆ ಎಷ್ಟಾಗುತ್ತದೆ, ಯಾಕೆ?