‘ಸ್ವಾನಾ’ ಅಂದರೆ ಅರಬರ ಹಬ್ಬವೇ?

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅವಳ ಕ್ಯಾಂಪಸ್ಸಿನಲ್ಲಿ ‘ಸ್ವಾನಾ’ ಪರಂಪರೆಯ ಆಚರಣೆ ಇದೆಯಂತೆ. ಅದು ಅರಬರ ಹಬ್ಬ ತಾನೆ? ನಮ್ಮ ಹುಡುಗಿ ಹೋಗಬಹುದೆ?

ಉತ್ತರ: ಖಂಡಿತ ಹೋಗಲಿ. ವಿದ್ಯಾರ್ಥಿ ಸಂಘಗಳು ನಡೆಸುವ ಇಂಥ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ಯಾರು ಬೇಕಾದರೂ ಹೋಗಬಹುದು. ನೈಋತ್ಯ ಏಷ್ಯಾ ಮತ್ತು ಉತ್ತರ ಆಫ್ರಿಕಾ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಸೇರಿ ‘ಸ್ವಾನಾ’ ಆಗಿದೆ. ಇದೇ ಪ್ರದೇಶವನ್ನು ‘ಮಧ್ಯಪ್ರಾಚ್ಯ’ ಎನ್ನುವುದೂ ಉಂಟು, ಆದರೆ ಅದು ಯುರೋಪಿನಲ್ಲಿ ನಿಂತು ನೋಡಿದವರು ಇಟ್ಟ ಹೆಸರು. ಬೆಂಗಳೂರಿನಿಂದ ನೋಡಿದರೆ ಇರಾನ್ ಇರುವುದು ಪಡುವಣಕ್ಕೆ.

ಆದರೆ ‘ಅರಬರ ಹಬ್ಬ’ ಎಂಬ ಮಾತನ್ನು ಹಾಗೇ ಬಿಡಲಾರೆ. ಇದನ್ನು ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಇರಾನಿನ ಫಾರ್ಸಿ ಜನ ಅರಬರಲ್ಲ. ಅವರ ಭಾಷೆ ಸಂಸ್ಕೃತಕ್ಕೆ ನಂಟು. ಮಾರ್ಚಿಯಲ್ಲಿ ಬರುವ ಹೊಸವರ್ಷ ನೌರೂಜ್‌ಗೆ ಮೊಳಕೆ ಗೋಧಿ, ಸೇಬು, ಬೆಳ್ಳುಳ್ಳಿ ಹೀಗೆ ಫಾರ್ಸಿಯಲ್ಲಿ ‘ಸ’ಕಾರದಿಂದ ಶುರುವಾಗುವ ಏಳು ವಸ್ತುಗಳನ್ನು ಜೋಡಿಸಿಡುತ್ತಾರೆ. ಅದರ ಹೆಸರು ‘ಹಫ್ತ್ ಸೀನ್’. ಆ ಹಫ್ತ್ ಬೇರೇನೂ ಅಲ್ಲ, ಸಪ್ತ! ಹಶ್ತ್ ಅಂದರೆ ಅಷ್ಟ, ದಹ್ ಅಂದರೆ ದಶ. ಅರಬ್ಬಿಯ ಒಡಹುಟ್ಟು ಹೀಬ್ರೂ. ಆ ಕುಟುಂಬವೇ ಬೇರೆ. ಲಿಪಿ ಒಂದೇ ಅಲ್ಲವೆ ಅನ್ನುತ್ತೀರಿ. ಕೊಂಕಣಿಯನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಅದು ಕನ್ನಡವಾಗಿಬಿಡುತ್ತದೆಯೆ?

ತುರ್ಕರೂ ಕುರ್ದರೂ ಅರಬರಲ್ಲ. ಆರ್ಮೇನಿಯನ್ನರಿಗೆ 5ನೇ ಶತಮಾನದಿಂದ ತಮ್ಮದೇ ಲಿಪಿ ಇದೆ. ಇನ್ನು ಅಮಾಜಿಗ್ ಜನರಂತೂ ಉತ್ತರ ಆಫ್ರಿಕಾದಲ್ಲಿ ಅರಬರು ಬರುವ ಎಷ್ಟೋ ಮೊದಲಿನಿಂದ ಇದ್ದವರು. ಹೊಸವರ್ಷ ಯೆನ್ನಾಯೆರ್ ಅವರಿಗೆ ಜನವರಿಯಲ್ಲಿ. ಅವರ ಭಾಷೆಗೆ ಮೊರಾಕೊದಲ್ಲಿ 2011ರಲ್ಲಿ, ಅಲ್ಜೀರಿಯಾದಲ್ಲಿ 2016ರಲ್ಲಿ ಅಧಿಕೃತ ಸ್ಥಾನ ಸಿಕ್ಕಿತು. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತನನ್ನು ‘ಅರಬ್ ಪ್ರವಾಸಿ’ ಎಂದು ಎಷ್ಟು ಜನ ಬಾಯಿಪಾಠ ಮಾಡಿಲ್ಲ! ಅವನು ಬರೆಸಿದ್ದು ಅರಬ್ಬಿಯಲ್ಲಿ, ನಿಜ. ಮನೆತನ ಮಾತ್ರ ಲವಾತಾ ಎಂಬ ಅಮಾಜಿಗ್ ಕುಲದ್ದು.

ಅರಬರೆಲ್ಲ ಮುಸ್ಲಿಮರು ಎಂಬುದೂ ತಪ್ಪು. 19ನೇ ಶತಮಾನದ ಕೊನೆಯಲ್ಲಿ ಸಿರಿಯಾ, ಲೆಬನಾನ್ ಕಡೆಯಿಂದ ಅಮೆರಿಕಕ್ಕೆ ಹೋದವರಲ್ಲಿ ಬಹುಪಾಲು ಕ್ರೈಸ್ತರು.

ನೀವು ಕೇಳಲಿಲ್ಲ, ಆದರೂ ಇದನ್ನು ಹೇಳಬೇಕು. ಇರಾನ್, ಲೆಬನಾನ್, ಈಜಿಪ್ಟ್ ಮೂಲದವರನ್ನು ಅಮೆರಿಕದ ಜನಗಣತಿ ದಶಕಗಳ ಕಾಲ ‘ಬಿಳಿಯರು’ ಎಂದೇ ಎಣಿಸಿತು. 1915ರಲ್ಲಿ ಜಾರ್ಜ್ ಡೌ ಎಂಬ ಸಿರಿಯನ್ ವಲಸಿಗ ಮೇಲ್ಮನವಿ ನ್ಯಾಯಾಲಯದಲ್ಲಿ ‘ಬಿಳಿಯ’ ಎನಿಸಿಕೊಂಡೇ ಪೌರತ್ವದ ಹಕ್ಕು ಗೆದ್ದ. ಆ ಕಾಲದ ಕಾನೂನಿನಂತೆ ವಲಸಿಗನಿಗೆ ಪೌರತ್ವ ಸಿಗಬೇಕಾದರೆ ಅವನು ಬಿಳಿಯನೋ ಆಫ್ರಿಕಾ ಮೂಲದವನೋ ಆಗಿರಬೇಕಿತ್ತು. ನಮ್ಮ ದೇಶದಿಂದ ಹೋಗಿದ್ದ ಭಗತ್ ಸಿಂಗ್ ಥಿಂಡ್ 1923ರಲ್ಲಿ ಅದೇ ವಾದ ಹೂಡಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಇರಾನ್, ಲೆಬನಾನ್, ಈಜಿಪ್ಟ್‌ನಂಥ ಕಡೆಯವರಿಗೆ ಗಣತಿಯಲ್ಲಿ ಪ್ರತ್ಯೇಕ ವರ್ಗ ಬೇಕೆಂದು ಅಮೆರಿಕ ಸರ್ಕಾರ ಒಪ್ಪಿದ್ದು 2024ರ ಮಾರ್ಚಿಯಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರವೇಶ ಅರ್ಜಿಯಲ್ಲಿ ಅದಕ್ಕೂ ಎಷ್ಟೋ ವರ್ಷ ಮೊದಲೇ ಇವರಿಗೊಂದು ಕಲಂ ಬಂದಿತ್ತು. ಅದನ್ನು ಪಟ್ಟು ಹಿಡಿದು ಹಾಕಿಸಿದವರು ಅಲ್ಲಿನ ವಿದ್ಯಾರ್ಥಿಗಳು.