ಅದೇ ಗುಂಡಿಗೆ ಹೊಸ ಗಿಡ: ಕೊಡಗಿನ ಶಾಲೆಗಳ ಹಸಿರು ಕೆಲಸ ಸಾಗಿಬಂದ ದಾರಿ

ಕೊಡಗಿನಲ್ಲಿ ಗಿಡ ನೆಡುವುದು ಕಷ್ಟವಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕೋಲು ಊರಿದರೂ ಚಿಗುರುವ ಮಣ್ಣು ಇದು. ಪರಿಸರ ದಿನಕ್ಕೆ ಪುಟ್ಟ ಮಕ್ಕಳು ನೆಟ್ಟ ಸಸಿ ಕಕ್ಕಡ ಮಾಸದ (ಜುಲೈ-ಆಗಸ್ಟ್) ಜಡಿಮಳೆಯನ್ನೂ ಹೇಗೋ ದಾಟುತ್ತದೆ. ಅದು ಸಾಯುವುದು ಫೆಬ್ರವರಿಯಿಂದಾಚೆಗೆ, ಹೆಚ್ಚಾಗಿ ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಬಿದ್ದ ಮೇಲೆ. ಮುಂದಿನ ಜೂನ್‌ಗೆ ಅದೇ ಗುಂಡಿಗೆ ಹೊಸ ಗಿಡ.

ಈ ತಾಳ ತಪ್ಪಿದ ಕ್ಯಾಲೆಂಡರ್ ಬಂದದ್ದು ಹೊರಗಿನಿಂದ. 1950ರಲ್ಲಿ ಕೇಂದ್ರ ಸಚಿವ ಕೆ.ಎಂ. ಮುನ್ಷಿ ಆರಂಭಿಸಿದ ವನಮಹೋತ್ಸವಕ್ಕೆ ಜುಲೈ ಮೊದಲ ವಾರ ಗೊತ್ತಾಯಿತು. ಜೂನ್ 5 ಬಂದದ್ದು 1972ರ ಸ್ಟಾಕ್‌ಹೋಮ್ ಸಮ್ಮೇಳನದಿಂದ. 1991ರಲ್ಲಿ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಬೇಕೆಂದಿತು. 2001-02ರಲ್ಲಿ ಕೇಂದ್ರದ ಯೋಜನೆಯಾಗಿ ರಾಷ್ಟ್ರೀಯ ಹಸಿರು ಪಡೆ ಹುಟ್ಟಿ, ಶಾಲೆ ಶಾಲೆಗೆ ಇಕೋ ಕ್ಲಬ್ ಬಂತು. ಅನುದಾನ ಸಣ್ಣದು, ವರದಿಗೆ ಫೋಟೊ ಬೇಕು. ಫೋಟೊಗೆ ಸಿಗುವುದು ಗಿಡ ನೆಡುವ ಕೈಗಳೇ ಹೊರತು ನೀರು ಹೊರುವ ಕೈಗಳಲ್ಲ.

2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಕಡೆಯ ಬೆಟ್ಟಗಳು ಜರಿದವು. 2019ರಲ್ಲಿ ವಿರಾಜಪೇಟೆ ಕಡೆಯ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಊರೂರಲ್ಲಿ ಎಷ್ಟು ಗಿಡ ನೆಟ್ಟೆವು ಎನ್ನುವ ಮಾತಿನ ಜೊತೆಗೆ ಯಾವ ಗಿಡ, ಯಾವ ಇಳಿಜಾರು ಎನ್ನುವ ಮಾತೂ ಬಂತು. ಇಷ್ಟಕ್ಕೂ ಕೊಡಗಿಗೆ ಕಾಡು ಕಾಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಜಿಲ್ಲೆಯಲ್ಲಿ 1,214 ದೇವರಕಾಡುಗಳಿವೆ. ಆದರೆ ಕಾಫಿ ತೋಟಗಳ ನೆರಳಿಗೆ ಹಲಸು, ಹೊನ್ನೆ, ನಂದಿ ಹೋಗಿ ನೆಟ್ಟಗೆ ಬೆಳೆದು ಬೇಗ ಮಾರಾಟವಾಗುವ ಸಿಲ್ವರ್ ಓಕ್ ಬಂದಿದೆ. ಹಾಗಾಗಿ ಮಕ್ಕಳು ಮಾಡಬಹುದಾದ ಉಪಯುಕ್ತ ಕೆಲಸವೆಂದರೆ ಊರ ಮರದ ಬೀಜದಿಂದ ಸಸಿ ಎಬ್ಬಿಸುವುದು.

ಇಲ್ಲೂ ಕ್ಯಾಲೆಂಡರ್ ಅಡ್ಡ ಬರುತ್ತದೆ. ಹಲಸು, ನೇರಳೆ ಹಣ್ಣಾಗತೊಡಗುವಾಗ ಬೇಸಿಗೆ ರಜೆ ಇನ್ನೂ ಮುಗಿದಿರುವುದಿಲ್ಲ. ಇವೆರಡರ ಬೀಜವನ್ನು ಡಬ್ಬಿಯಲ್ಲಿ ಒಣಗಿಸಿಟ್ಟು ಶಾಲೆ ತೆರೆದ ಮೇಲೆ ಬಿತ್ತೋಣವೆಂದರೆ ಆಗದು, ಒಣಗಿದರೆ ಜೀವ ಹೋಗುತ್ತದೆ. ಹಲಸಿನ ಬೀಜದ ಲೋಳೆ ತೊಳೆದು ಒಂದೆರಡು ದಿನದಲ್ಲೇ ಊರಬೇಕು. ರಜೆಗೆ ಮುಂಚೆಯೇ ಮಗುವಿಗೆ ಮಣ್ಣು ತುಂಬಿದ ಎರಡು ಪ್ಯಾಕೆಟ್ ಕೊಟ್ಟು ಕಳಿಸಿದರೆ ಈ ತೊಡಕು ನೀಗುತ್ತದೆ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಸಾಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಸಗಣಿ ಗೊಬ್ಬರ. ಹಸಿ ಸಗಣಿ ಹಾಕಿದರೆ ಬೇರು ಬೇಯುತ್ತದೆ. ಪ್ಯಾಕೆಟ್‌ನ ತಳದ ಎರಡೂ ಮೂಲೆ ಕತ್ತರಿಸಲೇಬೇಕು. ಮರೆತರೆ ಮಳೆಯಲ್ಲಿ ನೀರು ನಿಂತು ಬೀಜ ಕೊಳೆಯುತ್ತದೆ. ನೇರಳೆಯ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುವುದುಂಟು. ಗಟ್ಟಿಯಾದ ಒಂದನ್ನು ಉಳಿಸಿ ಮಿಕ್ಕವನ್ನು ಚಿವುಟಬೇಕು, ಮಕ್ಕಳಿಗೆ ಮನಸ್ಸು ಬಾರದಿದ್ದರೂ. ಪ್ಯಾಕೆಟ್‌ನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟರೆ ಬೇರು ಸುರುಳಿ ಸುತ್ತುತ್ತದೆ. ಹಾಗೇ ನೆಟ್ಟರೆ ಮರ ಮುಂದೆ ಗಾಳಿಗೆ ನಿಲ್ಲದು.

ಬೀಜದುಂಡೆಯ ಉತ್ಸಾಹಕ್ಕೆ ಸ್ವಲ್ಪ ಕಡಿವಾಣ ಒಳ್ಳೆಯದು. ಜಪಾನಿನ ರೈತ ಮಸನೊಬು ಫುಕುವೋಕಾ ಮತ್ತೆ ಬಳಕೆಗೆ ತಂದ ಈ ವಿಧಾನ ಮಕ್ಕಳ ಕೈಗೆ ಹೇಳಿ ಮಾಡಿಸಿದಂತಿದೆ, ನಿಜ. ಮೂರು ಪಾಲು ಜಿಗುಟು ಮಣ್ಣು, ಒಂದು ಪಾಲು ಗೊಬ್ಬರ, ನಿಂಬೆ ಗಾತ್ರದ ಉಂಡೆಗೆ ಒಂದೆರಡು ಬೀಜ, ನೆರಳಲ್ಲಿ ಒಣಗಿಸುವುದು. ಆದರೆ ಹಲಸು, ನೇರಳೆ ಇದಕ್ಕೆ ಹೊಂದುವುದಿಲ್ಲ, ಉಂಡೆಯೊಳಗೇ ಒಣಗಿ ಸಾಯುತ್ತವೆ. ಹೊನ್ನೆ, ಅಂಟುವಾಳದಂಥ ಗಟ್ಟಿ ಬೀಜ ಆದೀತು. ಮರಳು ಹೆಚ್ಚಾದರೆ ಭಾಗಮಂಡಲದ ಕಡೆಯ ಮಳೆಗೆ ಉಂಡೆ ಒಂದೇ ದಿನಕ್ಕೆ ಕರಗುತ್ತದೆ. ಮೂಟೆ ಕಟ್ಟಿಟ್ಟರೆ ಮೂಟೆಯಲ್ಲೇ ಮೊಳೆಯುತ್ತದೆ. ಲಂಟಾನ, ಕಮ್ಯುನಿಸ್ಟ್ ಗಿಡದಂಥ ಕಳೆಗಳ ಪೊದೆಗೆ ಎಸೆದರೆ ಮೊಳಕೆಗೆ ಬೆಳಕೇ ಸಿಗದು.

ಮಳೆ ಅಳೆಯುವುದಂತೂ ಕೊಡಗಿನ ಮಕ್ಕಳಿಗೆ ಮನೆಯಿಂದಲೇ ಬಂದ ಅಭ್ಯಾಸ. ತೋಟದ ಮನೆಗಳಲ್ಲಿ ಇಂದಿಗೂ ಮಳೆ ಎಂದರೆ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಬದಿ ನೇರವಾಗಿರುವ ಎರಡು ಲೀಟರ್ ಬಾಟಲಿಯ ಕತ್ತು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿದರೆ ಮಾಪಕ ಸಿದ್ಧ. ತಳ ಉಬ್ಬುತಗ್ಗಾಗಿರುವುದರಿಂದ ಸಣ್ಣ ಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ತುಂಬಿ, ಅಲ್ಲಿಂದ ಸೊನ್ನೆ ಗುರುತು ಮಾಡಬೇಕು. ಮರದ ಕೆಳಗೆ, ಸೂರಿನ ಅಂಚಿಗೆ ಇಟ್ಟರೆ ಲೆಕ್ಕ ತಪ್ಪುತ್ತದೆ. ದಿನವೂ ಬೆಳಿಗ್ಗೆ 8.30ಕ್ಕೆ ಓದಿ, ಸೊನ್ನೆ ಗುರುತಿನವರೆಗೆ ಚೆಲ್ಲಬೇಕು. ಭಾನುವಾರ ಬಿಟ್ಟರೆ ಸೋಮವಾರದ ಅಂಕಿ ಎರಡು ದಿನದ್ದು ಎಂದು ಪುಸ್ತಕದಲ್ಲಿ ಬರೆದಿಡಬೇಕು. ಎರಡು ಮೂರು ವರ್ಷದ ಪುಸ್ತಕ ಜೊತೆಗಿದ್ದರೆ ನೆಡುವ ವಾರವನ್ನು ಶಾಲೆ ತಾನೇ ಆರಿಸಿಕೊಳ್ಳಬಹುದು. ಇಳಿಜಾರಿನ ಶಾಲೆಗೆ ಅದು ಜೂನ್ ಕೊನೆ. ನೀರು ನಿಲ್ಲುವ ಅಂಗಳವಾದರೆ ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ.

ಇನ್ನು ಉಳಿದದ್ದು ಏಪ್ರಿಲ್. 'ಒಂದು ಮಗು, ಒಂದು ಗಿಡ' ಎಂದು ದತ್ತು ಕೊಡುವ ಪದ್ಧತಿ ಕೇಳಲು ಚೆಂದ. ಆದರೆ ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳು ತೋಟದ ಲೈನ್ ಮನೆಯವರು, ಅಂದರೆ ಕಾರ್ಮಿಕರ ಸಾಲುಮನೆಯವರು. ಕಾಫಿ ಕುಯ್ಲು ಮುಗಿದು ಕುಟುಂಬ ಬೇರೆಡೆಗೆ ಹೊರಟರೆ ಗಿಡದ ಒಡೆಯನೇ ಇರುವುದಿಲ್ಲ. ಆರು ಗಿಡಕ್ಕೆ ಮೂರು ಮಕ್ಕಳು, ಅವರಲ್ಲಿ ಒಬ್ಬರಾದರೂ ಶಾಲೆಯ ಪಕ್ಕದ ಮನೆಯವರು ಎಂಬ ಲೆಕ್ಕ ಇದಕ್ಕಿಂತ ಗಟ್ಟಿ. ಫೆಬ್ರವರಿಯಲ್ಲೇ ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು. ತಾಗಿದರೆ ಗೆದ್ದಲು ಹತ್ತುತ್ತದೆ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ಸಕಾಲಕ್ಕೆ ಬಿದ್ದ ವರ್ಷ ವಾರಕ್ಕೊಂದು ಕೊಡ ನೀರು ಸಾಕು, ಬೀಳದ ವರ್ಷ ಎರಡು.